ಕಿಟಕಿಯಿಂದ ಇಣುಕುವ ಕಥೆ ಯಾರ ಸ್ವತ್ತು?

2007ರ ಏಪ್ರಿಲ್‌ನಲ್ಲಿ 'ಡಿಸ್ಟರ್ಬಿಯಾ' ತೆರೆಗೆ ಬಂದಾಗ ಹಲವರಿಗೆ ಅನ್ನಿಸಿದ್ದು, ಇದು ಹಿಚ್‌ಕಾಕ್‌ನ 'ರಿಯರ್ ವಿಂಡೋ' ಅಲ್ವಾ ಅಂತ. 1954ರ ಆ ಚಿತ್ರದಲ್ಲಿ ಕಾಲು ಮುರಿದುಕೊಂಡ ಫೋಟೋಗ್ರಾಫರ್ ಒಬ್ಬ ಕಿಟಕಿ ಪಕ್ಕ ಕೂತು ಎದುರು ಮನೆಗಳನ್ನು ನೋಡುತ್ತಾನೆ. ಅಲ್ಲೊಬ್ಬ ಹೆಂಡತಿಯನ್ನು ಕೊಂದಿದ್ದಾನೆ ಎಂಬ ಅನುಮಾನ ಹುಟ್ಟುತ್ತದೆ. ಹೊಸ ಚಿತ್ರದಲ್ಲಿ ಆ ಜಾಗಕ್ಕೆ ಕೇಲ್ ಎಂಬ ಹೈಸ್ಕೂಲ್ ಹುಡುಗ ಬಂದಿದ್ದ. ಆದರೆ ಟೈಟಲ್‌ನಲ್ಲಿ ಹಳೆಯ ಕಥೆಯ ಹೆಸರೇ ಇರಲಿಲ್ಲ. ಜಗಳ ಶುರುವಾಗಿದ್ದು ಅಲ್ಲಿಂದ.

ಆ ಕಥೆ ಹಿಚ್‌ಕಾಕ್‌ನದೂ ಅಲ್ಲ. ಕಾರ್ನೆಲ್ ವೂಲ್ರಿಚ್ ಬರೆದಿದ್ದು, 1942ರಲ್ಲಿ ಅಮೆರಿಕದ ಪತ್ತೇದಾರಿ ಪತ್ರಿಕೆಯೊಂದರಲ್ಲಿ ಬಂದಿದ್ದು. ಅದರಲ್ಲಿ ಪ್ರೇಯಸಿ ಇಲ್ಲ. ಗ್ರೇಸ್ ಕೆಲಿಯ ಪಾತ್ರ ಸಿನಿಮಾದವರು ಸೇರಿಸಿದ್ದು. ನನಗೆ ತುಂಬಾ ಇಷ್ಟವಾಗುವುದು ಕಥೆಯ ಕೊನೆ. ಎಲ್ಲ ಮುಗಿದ ಮೇಲೆ ಡಾಕ್ಟರ್ ಬಂದು, ಇನ್ನು ಪ್ಲಾಸ್ಟರ್ ತೆಗೆಯಬಹುದು ಅನ್ನುತ್ತಾನೆ. ಈ ಮನುಷ್ಯ ಇಷ್ಟು ದಿನ ಯಾಕೆ ಕುರ್ಚಿ ಬಿಟ್ಟು ಏಳಲಿಲ್ಲ ಅಂತ ಓದುಗನಿಗೆ ತಿಳಿಯುವುದೇ ಆಗ!

ವೂಲ್ರಿಚ್‌ಗೆ ಸಿಕ್ಕಿದ್ದು ಕಡಿಮೆ. 1945ರಲ್ಲಿ ಈ ಕಥೆಯೂ ಸೇರಿ ಆರು ಕಥೆಗಳ ಸಿನಿಮಾ ಹಕ್ಕನ್ನು 9,250 ಡಾಲರಿಗೆ ಮಾರಿದ್ದ. ಆಗಿನ ಕಾನೂನಿನಲ್ಲಿ ಕಾಪಿರೈಟ್ 28 ವರ್ಷ ತುಂಬುವಾಗ ಒಂದು ಸಲ ನವೀಕರಣ ಆಗಬೇಕಿತ್ತು. ಅಷ್ಟರೊಳಗೆ, 1968ರಲ್ಲಿ, ವೂಲ್ರಿಚ್ ತೀರಿಕೊಂಡ. ನವೀಕರಣವಾದ ಹಕ್ಕನ್ನು ಶೆಲ್ಡನ್ ಅಬೆಂಡ್ ಎಂಬ ಸಾಹಿತ್ಯ ಏಜೆಂಟ್ 650 ಡಾಲರ್ ಮತ್ತು ಮುಂದಿನ ಗಳಿಕೆಯಲ್ಲಿ ಒಂದು ಪಾಲು ಕೊಡುವ ಕರಾರಿನ ಮೇಲೆ ಕೊಂಡುಕೊಂಡ.

1983ರಲ್ಲಿ 'ರಿಯರ್ ವಿಂಡೋ' ಮತ್ತೆ ಬಿಡುಗಡೆಯಾಗಿ ಕೋಟಿಗಟ್ಟಲೆ ಗಳಿಸಿತು. ಅಬೆಂಡ್ ಕೋರ್ಟಿಗೆ ಹೋದ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಎಳೆಯಿತು. 1990ರಲ್ಲಿ 6-3ರ ಬಹುಮತದಿಂದ ಅವನ ಪರ ತೀರ್ಪು ಬಂತು. ನವೀಕರಣಕ್ಕೆ ಮೊದಲೇ ಲೇಖಕ ಸತ್ತರೆ, ಅವನು ಅದಕ್ಕೆ ಮುಂಚೆ ಬರೆದುಕೊಟ್ಟ ಕರಾರು ಹೊಸ ಅವಧಿಗೆ ನಡೆಯುವುದಿಲ್ಲ ಎಂದು ಕೋರ್ಟ್ ಹೇಳಿತು. ಹಳೆಯ ಸಿನಿಮಾಗಳನ್ನು ಇಟ್ಟುಕೊಂಡಿದ್ದ ಎಷ್ಟೋ ಸ್ಟುಡಿಯೋಗಳಿಗೆ ಇದು ದೊಡ್ಡ ಪೆಟ್ಟು.

ಈ ಗೆಲುವಿನ ಬಲದಲ್ಲೇ 2008ರಲ್ಲಿ ಅಬೆಂಡ್ ಹೆಸರಿನ ಟ್ರಸ್ಟ್ 'ಡಿಸ್ಟರ್ಬಿಯಾ' ವಿಚಾರವಾಗಿ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಡ್ರೀಮ್‌ವರ್ಕ್ಸ್, ಪ್ಯಾರಾಮೌಂಟ್ ಸ್ಟುಡಿಯೋಗಳ ಮೇಲೆ ಕೇಸು ಹಾಕಿತು. ಆದರೆ ಒಂದು ತೊಡಕಿತ್ತು. ಟ್ರಸ್ಟ್ ಕೈಯಲ್ಲಿದ್ದದ್ದು ವೂಲ್ರಿಚ್‌ನ ಕಥೆ, ಹಿಚ್‌ಕಾಕ್‌ನ ಚಿತ್ರ ಅಲ್ಲ. ಹಾಗಾಗಿ 'ಡಿಸ್ಟರ್ಬಿಯಾ'ವನ್ನು ಹೋಲಿಸಬೇಕಾಗಿದ್ದು ಆ ಸಣ್ಣ ಕಥೆಯ ಜೊತೆ.

ಹೋಲಿಸಿ ನೋಡಿದರೆ ಎರಡೂ ಬೇರೆ ಬೇರೆ ಲೋಕ. ಕೇಲ್‌ನ ಅಪ್ಪ ಕಾರು ಅಪಘಾತದಲ್ಲಿ ಸತ್ತಿದ್ದಾನೆ. ಸ್ಪ್ಯಾನಿಷ್ ಮೇಷ್ಟ್ರಿಗೆ ಗುದ್ದಿದ್ದಕ್ಕೆ ಕೇಲ್‌ಗೆ ಮೂರು ತಿಂಗಳು ಗೃಹಬಂಧನ. ಕಾಲಿಗೆ ಕಟ್ಟಿದ ಎಲೆಕ್ಟ್ರಾನಿಕ್ ಪಟ್ಟಿ 100 ಅಡಿ ದಾಟಿದರೆ ಪೊಲೀಸರನ್ನು ಕರೆಯುತ್ತದೆ. ಅಮ್ಮ ವಿಡಿಯೋ ಗೇಮ್ ಬಂದ್ ಮಾಡಿಸಿದ ಮೇಲೆ ಅವನು ದಾರ ಎಳೆದು ತನ್ನ ಗಡಿ ಗುರುತು ಮಾಡಿಕೊಳ್ಳುತ್ತಾನೆ. ಆಮೇಲೆ ಪಕ್ಕದ ಮನೆಗೆ ಬಂದ ಹುಡುಗಿ, ಗೆಳೆಯನ ಕ್ಯಾಮೆರಾ, ಮೊಬೈಲ್. ಪ್ಲಾಸ್ಟರ್ ಜಾಗಕ್ಕೆ ಆ ಪಟ್ಟಿ ತಂದಿದ್ದೇ ಈ ಚಿತ್ರದ ನಿಜವಾದ ಜಾಣತನ ಅಂತ ನನ್ನ ಅಭಿಪ್ರಾಯ. ಕಾಲು ಮುರಿದವನಿಗೆ ಓಡಲು ಆಗುವುದಿಲ್ಲ. ಈ ಹುಡುಗನಿಗೆ ಓಡುವ ಶಕ್ತಿ ಇದೆ, ಅಪ್ಪಣೆ ಇಲ್ಲ. ಹದಿಹರೆಯದವರಿಗೆ ಆ ಸಂಕಟ ವಿವರಿಸಬೇಕಾಗಿಲ್ಲ.

2010ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆ ಲಾರಾ ಟೇಲರ್ ಸ್ವೇನ್ ಸ್ಟುಡಿಯೋಗಳ ಪರ ತೀರ್ಪು ಕೊಟ್ಟರು. ಮನೆಯೊಳಗೆ ಸಿಕ್ಕಿಕೊಂಡ ಗಂಡಸು ಕಿಟಕಿಯಿಂದ ಇಣುಕುತ್ತಾ ನೆರೆಯವನನ್ನು ಕೊಲೆಗಾರ ಎಂದು ಅನುಮಾನಿಸುವುದು ಬರೀ ಐಡಿಯಾ. ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ನನಗೆ ಇದು ಸರಿಯಾದ ತೀರ್ಪು ಅನ್ನಿಸುತ್ತದೆ. ಕಿಟಕಿಗೇ ಬೀಗ ಹಾಕಿದ್ದರೆ ಮುಂದೆ ಥ್ರಿಲ್ಲರ್ ಬರೆಯುವವರು ಎಲ್ಲಿಗೆ ಹೋಗಬೇಕಿತ್ತು?

ವೂಲ್ರಿಚ್‌ನ ಕಥೆಯನ್ನೇ ಎತ್ತಿಕೊಂಡು ಸಿನಿಮಾ ಮಾಡುವವರಿಗೆ ಮಾತ್ರ ದಾರಿ ಇನ್ನೂ ತೆರೆದಿಲ್ಲ. ಅಮೆರಿಕದಲ್ಲಿ ಅದರ ಕಾಪಿರೈಟ್ 2037ರ ಕೊನೆಯವರೆಗೂ ಇದೆ.