ಡಬ್ಬದ ಮೇಲಿನ ನಂಬರ್ ಬಿಡಿ, ಹಿಂದಿನ ಚಕ್ರ ತೋರಿಸಿ

ಜೂನ್ ಬಂತೆಂದರೆ ನಮ್ಮ ಬೆಂಗಳೂರಿನ ವರ್ಕ್‌ಶಾಪ್‌ನಲ್ಲಿ ಒಂದೇ ಪ್ರಶ್ನೆ: "ಮಳೆ ಶುರುವಾಯ್ತು ಸರ್, ಸ್ಮಾರ್ಟ್ ಟ್ರೈನರ್ ಯಾವುದು ತಗೊಳ್ಳಲಿ?" ಅಂದರೆ ಸೈಕಲ್ಲನ್ನು ಮನೆಯೊಳಗೆ ನಿಂತಲ್ಲೇ ತುಳಿಯಲು ಹಿಂಭಾಗಕ್ಕೆ ಜೋಡಿಸುವ, ಆ್ಯಪ್ ಹೇಳಿದಂತೆ ಪೆಡಲ್ ಭಾರ ಬದಲಿಸುವ ಯಂತ್ರ. ಕೇಳುವವರ ಫೋನಿನಲ್ಲಿ ಆಗಲೇ ಎರಡು ಮಾಡೆಲ್ ಅಕ್ಕಪಕ್ಕ ನಿಂತಿರುತ್ತವೆ. ಒಂದು ಹೆಚ್ಚೆಂದರೆ 1800 ವ್ಯಾಟ್‌ನ ತುಳಿತ ತಡೆಯುತ್ತದೆ, ಇನ್ನೊಂದು 2200. ಒಂದು 16% ಏರಿನವರೆಗೆ ಅನುಕರಿಸುತ್ತದೆ, ಇನ್ನೊಂದು 25%. ನಾನು ಫೋನ್ ನೋಡುವ ಮೊದಲು ಅವರ ಸೈಕಲ್‌ನ ಹಿಂದಿನ ಚಕ್ರ ನೋಡುತ್ತೇನೆ.

ಇದಕ್ಕೊಂದು ಕಾರಣ ಇದೆ. ಹೋದ ವರ್ಷ ಒಬ್ಬರು ಡೈರೆಕ್ಟ್ ಡ್ರೈವ್ ಟ್ರೈನರ್ ತರಿಸಿಕೊಂಡು, ಹೈಬ್ರಿಡ್ ಸೈಕಲ್ ಜೊತೆ ಬಂದರು. ಡೈರೆಕ್ಟ್ ಡ್ರೈವ್ ಅಂದರೆ ಹಿಂದಿನ ಚಕ್ರವನ್ನೇ ಬಿಚ್ಚಿಟ್ಟು, ಫ್ರೇಮನ್ನು ಟ್ರೈನರ್ ಮೇಲೆ ಕೂರಿಸಿ, ಟ್ರೈನರ್‌ಗೇ ಕೂರಿಸಿದ ಕ್ಯಾಸೆಟ್‌ಗೆ (ಹಿಂದಿನ ಹಲ್ಲುಚಕ್ರಗಳ ಗೊಂಚಲಿಗೆ) ಚೈನ್ ಹಾಕುವುದು. ಇವರ ಚಕ್ರದಲ್ಲಿ ಕ್ಯಾಸೆಟ್ಟೇ ಇರಲಿಲ್ಲ. ಅದು 7 ಸ್ಪೀಡ್‌ನ, ಅಂದರೆ ಏಳು ಹಲ್ಲುಚಕ್ರದ, ಹಬ್‌ಗೆ (ಚಕ್ರದ ನಡುಭಾಗಕ್ಕೆ) ತಿರುಪಿನಲ್ಲಿ ಕೂರುವ ಹಳೇ ಫ್ರೀವೀಲ್. ಅದನ್ನು ಬಿಚ್ಚಿ ಟ್ರೈನರ್‌ಗೆ ಹಾಕಲು ಬರುವುದಿಲ್ಲ. ಹೊಸ 7 ಸ್ಪೀಡ್ ಕ್ಯಾಸೆಟ್ ಹುಡುಕಿ, ಹಿಂದೆ 1.85 ಮಿ.ಮೀ. ಒಂದು, 4.5 ಮಿ.ಮೀ. ಒಂದು ಸ್ಪೇಸರ್ (ಸಂದಿ ತುಂಬುವ ಬಳೆ) ಕೊಟ್ಟು ಕೂರಿಸಿದೆ. ಸ್ಪೇಸರ್ ಬಿಟ್ಟಿದ್ದರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಬಿಗಿಯಾದಂತೆ ಕಾಣುತ್ತದೆ, ಆದರೆ ಕ್ಯಾಸೆಟ್ ಕೈಗೆ ಲೊಟಲೊಟ ಅಲ್ಲಾಡುತ್ತದೆ. ಮನೆಯಲ್ಲೇ ಹಾಕಿಕೊಂಡು "ಗೇರ್ ಸರಿ ಬೀಳ್ತಿಲ್ಲ" ಎಂದು ಬರುವವರಲ್ಲಿ ಅರ್ಧ ಜನರದ್ದು ಇದೇ ಕಥೆ.

12 ಸ್ಪೀಡ್‌ನವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಶಿಮಾನೋ ಕಂಪನಿಯ ರೋಡ್ 12 ಸ್ಪೀಡ್, ಟ್ರೈನರ್ ಜೊತೆ ಬರುವ ಮಾಮೂಲಿ 11 ಸ್ಪೀಡ್ ಬಾಡಿ (ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರುತ್ತದೆ. ಸ್ರಾಮ್‌ನ ಎಎಕ್ಸ್‌ಎಸ್ ರೋಡ್ ಕ್ಯಾಸೆಟ್‌ಗೆ ಎಕ್ಸ್‌ಡಿಆರ್ ಎಂಬ ಬೇರೆ ಬಾಡಿ ಬೇಕು, ಅದರ ದುಡ್ಡು ಬೇರೆ. ಡಿಸ್ಕ್ ಬ್ರೇಕ್ ಸೈಕಲ್ ಆದರೆ 12x142 ಥ್ರೂ ಆಕ್ಸಲ್ (ಚಕ್ರದ ನಡುವೆ ಹಾಯುವ ದಪ್ಪ ಕಡ್ಡಿ) ಅಡಾಪ್ಟರ್ ಡಬ್ಬದಲ್ಲೇ ಇದೆಯಾ ಕೇಳಿಕೊಳ್ಳಿ. ಮನೆಯೊಳಗೆ ತುಳಿಯುವವರ ಆ್ಯಪ್ ಝ್ವಿಫ್ಟ್ 2023ರಲ್ಲಿ ಒಂದೇ ಹಲ್ಲುಚಕ್ರದ 'ಕಾಗ್' ತಂದಿತು, ಗೇರ್ ಬದಲಾವಣೆ ಸಾಫ್ಟ್‌ವೇರ್‌ನಲ್ಲೇ ಆಗುತ್ತದೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಸೈಕಲ್ ಹಾಕುವುದಿದ್ದರೆ ಅದು ನಿಜವಾಗಿ ಒಳ್ಳೆಯದು. ಆದರೆ ಅದು 8ರಿಂದ 12 ಸ್ಪೀಡ್‌ಗೆ ಮಾತ್ರ.

ಇನ್ನು ಆ ನಂಬರ್‌ಗಳು. ಒಂದು ಗಂಟೆ ಬಿಡದೆ 250 ವ್ಯಾಟ್ ತುಳಿಯುವ ಹವ್ಯಾಸಿ ಸವಾರ ಗಟ್ಟಿಗನೇ. ಜೋರು ಸ್ಪ್ರಿಂಟ್‌ನಲ್ಲಿ ಅವನು ಸಾವಿರ ಮುಟ್ಟಿದರೆ ಹೆಚ್ಚು. 2200 ವ್ಯಾಟ್ ತಗೊಂಡು ಏನು ಮಾಡುತ್ತೀರಿ? ಏರಿನ ವಿಷಯವೂ ಅಷ್ಟೇ. ಝ್ವಿಫ್ಟ್‌ನಲ್ಲಿ 'ಟ್ರೈನರ್ ಡಿಫಿಕಲ್ಟಿ' ಎಂಬ ಸೆಟ್ಟಿಂಗ್ ಮೊದಲೇ ಅರ್ಧಕ್ಕೆ ಇರುತ್ತದೆ. ಪರದೆಯಲ್ಲಿ 10% ಏರು ಬಂದರೆ ಕಾಲಿಗೆ ಸಿಗುವುದು 5% ಮಾತ್ರ. ಬಹಳಷ್ಟು ಜನ ಅದನ್ನು ಮುಟ್ಟುವುದೇ ಇಲ್ಲ.

ನೋಡಬೇಕಾದದ್ದು ವ್ಯಾಟ್ ಅಳೆಯುವ ನಿಖರತೆ. ±5% ಅಂದರೆ 200 ವ್ಯಾಟ್‌ನಲ್ಲಿ ಹತ್ತು ಆಚೆ, ಹತ್ತು ಈಚೆ. ±2% ಆದರೆ ನಾಲ್ಕೇ. ಟೈರ್‌ಗೆ ರೋಲರ್ ಒತ್ತುವ ಅಗ್ಗದ ಟ್ರೈನರ್‌ಗಳಲ್ಲಿ ಇನ್ನೊಂದು ತಲೆನೋವು. ಟೈರ್ ಗಾಳಿ ಒಂದು ದಿನ 100 ಪಿಎಸ್‌ಐ, ಇನ್ನೊಂದು ದಿನ 80 ಆದರೆ ನಂಬರ್ ಬೇರೆ ಆಗುತ್ತದೆ. ದಿನಾ ಅದೇ ಗಾಳಿ, ರೋಲರ್ ಒತ್ತುವ ಹಿಡಿಗೆ ಅಷ್ಟೇ ಸುತ್ತು, ಹತ್ತು ನಿಮಿಷ ತುಳಿದು ಬಿಸಿಯಾದ ಮೇಲೆ ಸ್ಪಿನ್‌ಡೌನ್, ಅಂದರೆ ವೇಗ ಏರಿಸಿ ತಾನಾಗಿ ನಿಲ್ಲಲು ಬಿಟ್ಟು ಅಳತೆ ಸರಿಮಾಡುವುದು. ಇಷ್ಟು ಶಿಸ್ತು ಇದ್ದರೆ ಅದೂ ಸಾಕು. ಇಲ್ಲದಿದ್ದರೆ ಸುಮ್ನೆ ಡೈರೆಕ್ಟ್ ಡ್ರೈವ್‌ಗೆ ಹೋಗಿ.

ಅರ್ಗ್ ಮೋಡ್ ಬಗ್ಗೆ ಒಂದು ಮಾತು. 200 ವ್ಯಾಟ್ ಎಂದು ಹೇಳಿಟ್ಟರೆ ನೀವು ಹೇಗೇ ತುಳಿಯಿರಿ, ಟ್ರೈನರ್ 200ನ್ನೇ ವಸೂಲಿ ಮಾಡುತ್ತದೆ. ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದವರು ಸುಸ್ತಾಗಿ 60ಕ್ಕೆ ಇಳಿದರೆ ಪೆಡಲ್ ಒಂದೂವರೆ ಪಟ್ಟು ಭಾರ. ಇನ್ನೂ ನಿಧಾನ, ಇನ್ನೂ ಭಾರ, ಆಮೇಲೆ ಕಾಲು ನಿಂತೇಬಿಡುತ್ತದೆ. ಭಾರ ಅನಿಸಿದ ಕೂಡಲೇ ಗೇರ್ ಹುಡುಕಬೇಡಿ, ಕಾಲಿನ ವೇಗ ಹೆಚ್ಚಿಸಿ.

ಕರೆಂಟ್ ಹೋದಾಗ ಇದರ ಉಲ್ಟಾ. ಒಮ್ಮೆ ನಾನೇ ಇಂಟರ್ವಲ್ (ಜೋರು ತುಳಿತದ ಸುತ್ತು) ನಡುವೆ ಎದ್ದು ನಿಂತು ತುಳಿಯುತ್ತಿದ್ದೆ. ಲೈಟ್ ಹೋಯಿತು, ಪೆಡಲ್ ಒಂದೇ ಸಲ ಹಗುರವಾಯಿತು, ಎದೆ ಹೋಗಿ ಹ್ಯಾಂಡಲ್‌ಗೆ ಬಡಿಯಿತು. ಟ್ಯಾಕ್ಸ್ ನಿಯೋ ತರದ ಟ್ರೈನರ್‌ಗಳು ನೀವು ತುಳಿದ ಶಕ್ತಿಯಿಂದಲೇ ಓಡಬಲ್ಲವು, ಆದರೆ ಬೆಲೆ ಜಾಸ್ತಿ. ಉಳಿದವನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ವೈಫೈ ರೂಟರ್‌ನೂ ಅದೇ ಲೈನಿಗೆ ಹಾಕಿ. ಇದನ್ನು ಎಲ್ಲರೂ ಮರೆಯುತ್ತಾರೆ.

ಫ್ಲಾಟ್‌ನವರಿಗೆ ಡೆಸಿಬೆಲ್ ಲೆಕ್ಕ ಹೇಳಿ ಮಾರುತ್ತಾರೆ. ನಿಮಗೆ ಕೇಳುವ ಸದ್ದು ಬೇರೆ, ಕೆಳಗಿನ ಮನೆಯ ಸೂರಿಗೆ ಇಳಿಯುವ ಗುಂಯ್ ಬೇರೆ. ಬೆಳಿಗ್ಗೆ ಐದೂವರೆಗೆ ತುಳಿಯುವವರು ದಪ್ಪ ರಬ್ಬರ್ ಮ್ಯಾಟ್ ಹಾಕಿ, ಗೋಡೆಯಿಂದ ದೂರ ಇಡಿ. ಮೊದಲ ದಿನವೇ ಕೆಳಗೆ ಹೋಗಿ ಕೇಳಿಬಿಡಿ, ಅವರಾಗಿ ಮೇಲೆ ಬರುವುದಕ್ಕಿಂತ ಅದು ವಾಸಿ ಅಲ್ವಾ? ದೊಡ್ಡ ಫ್ಯಾನ್ ಒಂದು ಎದುರಿಗೇ ಇರಲಿ. ಇಲ್ಲದಿದ್ದರೆ ಬೆವರು ಸೀದಾ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಬೇರಿಂಗ್‌ಗೆ ಇಳಿಯುತ್ತದೆ. ಹೋದ ವಾರ ಬಿಚ್ಚಿದ ಒಂದರಲ್ಲಿ ಬೋಲ್ಟ್ ತಲೆಯೇ ತುಕ್ಕಾಗಿ ಉದುರಿತು.

ಕೊನೆಗೆ, ಅಂಗಡಿಯವರನ್ನು ಒಂದು ಕೇಳಿ: ಬೆಲ್ಟೋ ಬೇರಿಂಗೋ ಹೋದರೆ ಇಲ್ಲೇ ಬಿಚ್ಚಿ ಹಾಕುತ್ತೀರಾ, ಇಲ್ಲ ಡಬ್ಬ ಕಟ್ಟಿ ಹೊರಗೆ ಕಳಿಸಬೇಕಾ? ಹದಿನೆಂಟು ಕಿಲೋದ ಟ್ರೈನರ್ ಬಂದ ಆ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಸಾಡಬೇಡಿ.