ಎಪ್ಪತ್ತು ಬಯೋಡೇಟಾದಲ್ಲಿ ಒಂದು ಕೈ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಫೀಡ್ ಆಫ್ ಆರ್ಮ್ ಮಷಿನ್ ಓಡಿಸುವವರು ಒಬ್ಬರು ಬೇಕಿತ್ತು. ಪ್ಯಾಂಟಿನ ಕಾಲನ್ನು ಕೊಳವೆ ಮಾಡಿ, ಅಂಚು ಒಳಗೆ ಮಡಿಸಿ, ಒಟ್ಟಿಗೇ ಎರಡು ಮೂರು ಸಾಲು ಹೊಲಿಯುವ ಮಷಿನ್ ಅದು. ಕೈ ಸ್ವಲ್ಪ ಜಾಸ್ತಿ ಎಳೆದರೂ ಕಾಲು ತಿರುಚಿಕೊಳ್ಳುತ್ತದೆ. ಇವನು ಸುಮ್ನೆ 'ಟೇಲರ್ ಬೇಕು' ಅಂತ ವಾಟ್ಸಾಪಿನಲ್ಲಿ ಹಾಕಿದ. ಎರಡೇ ದಿನದಲ್ಲಿ 70 ಬಯೋಡೇಟಾ!

ಅಷ್ಟೂ ಓದಲು ಯಾರಿಗೆ ಪುರುಸೊತ್ತು? ಕಂಪ್ಯೂಟರಿನಲ್ಲಿ ಹುಡುಕೋಣ ಅಂತ ಇಬ್ಬರೂ ಕೂತೆವು. ಮೊದಲ ಪೆಟ್ಟು ಊರಿನ ಹೆಸರಿನಿಂದಲೇ ಬಿತ್ತು. ಇಂಗ್ಲಿಷಿನ ಬೆಲ್ಲರಿ 2014ರ ನವೆಂಬರ್ 1ಕ್ಕೆ ಬಳ್ಳಾರಿ ಆಯಿತು, ಆದರೆ ಜನ ಹಳೆ ಬಯೋಡೇಟಾವನ್ನೇ ಕಳಿಸುತ್ತಾರೆ, ಹಾಗಾಗಿ ಒಂದು ಸ್ಪೆಲಿಂಗ್ ಹಾಕಿದರೆ ಇನ್ನೊಂದು ಸ್ಪೆಲಿಂಗಿನವರು ಮಾಯ.

'ಟೇಲರ್' ಅಂತ ಹುಡುಕಿದರೆ 60 ಜನ ಬಂದರು. ಎಲ್ಲರಲ್ಲೂ ಇರುವ ಪದ ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ, ಅಲ್ವಾ? ಕೇಂಬ್ರಿಜ್‌ನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಇದನ್ನೇ ಲೆಕ್ಕಕ್ಕೆ ಇಳಿಸಿದರು: ಪದ ಎಷ್ಟು ಅಪರೂಪವೋ ಅದಕ್ಕೆ ಅಷ್ಟು ತೂಕ. ನಮ್ಮ ಕಂತೆಯಲ್ಲಿ 'ಫೀಡ್ ಆಫ್ ಆರ್ಮ್' ಬರೆದವರು ಮೂರೇ ಜನ. 70ನ್ನು 60ರಿಂದ ಭಾಗಿಸಿ ಲಾಗರಿದಮ್ ತೆಗೆಯಿರಿ, 70ನ್ನು 3ರಿಂದ ಭಾಗಿಸಿಯೂ ತೆಗೆಯಿರಿ. ಮಷಿನ್ ಹೆಸರಿನ ತೂಕ 'ಟೇಲರ್'ಗಿಂತ ಸುಮಾರು 20 ಪಟ್ಟು ಜಾಸ್ತಿ.

ಆದರೆ ಕೆಲಸ ಬಲ್ಲವರೆಲ್ಲ ಮಷಿನ್ ಹೆಸರು ಬರೆಯುವುದಿಲ್ಲ. ಇಬ್ಬರು 'ಒಳಗಾಲು ಹೊಲಿಯುತ್ತೇನೆ' ಅಂತಷ್ಟೇ ಬರೆದಿದ್ದರು. ಈಗಿನ ಸಾಫ್ಟ್‌ವೇರ್ ಇಂಥವರನ್ನೂ ಹಿಡಿಯಬಲ್ಲದು. ಯಾವ ಪದ ಯಾವ ಪದಗಳ ಜೊತೆ ಓಡಾಡುತ್ತದೆ ಅಂತ ರಾಶಿ ಬರಹ ನೋಡಿ ಕಲಿತು, ಹತ್ತಿರದ ಅರ್ಥದವನ್ನು ಹತ್ತಿರ ಕೂರಿಸುತ್ತದೆ.

ಹಾಗಂತ ಆಯ್ಕೆಯನ್ನೂ ಅದರ ಕೈಗೇ ಕೊಟ್ಟರೆ ಕೆಟ್ಟೆವು. ಅಮೆಜಾನ್ ಹಾಗೆ ಒಂದು ಪ್ರಯೋಗ ಮಾಡಿತ್ತು. ಹತ್ತು ವರ್ಷದ ಅರ್ಜಿಗಳನ್ನು ಕಲಿಯಲು ಕೊಟ್ಟರು, ಅವುಗಳಲ್ಲಿ ಗಂಡಸರದ್ದೇ ಹೆಚ್ಚು, ಅದು 'ಮಹಿಳಾ' ಅನ್ನುವಂಥ ಪದ ಕಂಡರೆ ಅಂಕ ಕಡಿಯುವುದನ್ನು ಕಲಿತುಬಿಟ್ಟಿತು ಅಂತ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ನಮ್ಮಲ್ಲಿ ಎಷ್ಟೋ ಹೆಂಗಸರು ಹೊಲಿಗೆ ಕಲಿತದ್ದೇ ಮಹಿಳಾ ಸಂಘದಲ್ಲಿ!

ಮಷಿನ್ ಹೆಸರು ಬರೆದ ಮೂವರು, ಒಳಗಾಲಿನ ಇಬ್ಬರು, ಒಟ್ಟು ಐದು ಜನ ಉಳಿದರು. ಗೆಳೆಯ ಎಂದಿನಂತೆ 'ಯಾವ ಊರು, ಎಷ್ಟು ವರ್ಷದ ಅನುಭವ' ಅಂತ ಹರಟಲು ಹೊರಟ. ತಡೆದೆ. ಕೆಲಸಕ್ಕೆ ಜನರನ್ನು ಆರಿಸುವ ವಿಧಾನಗಳ ಬಗ್ಗೆ ನಡೆದ ಹಳೆಯ ಅಧ್ಯಯನಗಳನ್ನು ಮನಶ್ಶಾಸ್ತ್ರಜ್ಞ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಮತ್ತೆ ಲೆಕ್ಕ ಹಾಕಿದ್ದಾರೆ. ಆರಿಸುವ ವಿಧಾನಕ್ಕೂ ಮುಂದಿನ ಕೆಲಸಕ್ಕೂ ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1. ಅನುಭವದ ವರ್ಷಗಳಿಗೆ ಸಿಕ್ಕಿದ್ದು ಬರೀ 0.07! ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.19. ಎಲ್ಲರಿಗೂ ಅವವೇ ಪ್ರಶ್ನೆ ಕೇಳಿ ಅಂಕ ಹಾಕಿದರೆ 0.42, ಕೆಲಸ ಮಾಡಿಸಿ ನೋಡಿದರೆ 0.33. ಯಾವುದೂ ಜಾತಕವಲ್ಲ, ಆದರೆ ಹರಟೆಗಿಂತ ವಾಸಿ.

ಐವರಿಗೂ ಒಂದೇ ಥಾನಿನ ಡೆನಿಮ್, ಅವವೇ ನಾಲ್ಕು ಪ್ರಶ್ನೆ, ತಲಾ 20 ನಿಮಿಷ. ಹನ್ನೆರಡು ವರ್ಷದ ಅನುಭವಸ್ಥ ಕೂತವನೇ ಪೆಡಲ್ ಒತ್ತಿದ, ಎರಡನೇ ಕಾಲು ತಿರುಚಿಕೊಂಡಿತು. ನಾಲ್ಕು ಸಾಲಿನ ಬಯೋಡೇಟಾ ಕಳಿಸಿದ್ದ ಹೆಣ್ಣುಮಗಳು ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು, ತಿರುವಿ ನೋಡಿ, ದಾರದ ಬಿಗಿ ಸಡಿಲಿಸಿ, ಆಮೇಲೆ ಕಾಲು ಹಚ್ಚಿದಳು. ಗೆಳೆಯ ಅವಳ ಮುಖ ನೋಡಲಿಲ್ಲ, ಹೊಲಿಗೆಯನ್ನೇ ಉಗುರಿನಿಂದ ಕೆರೆದು ನೋಡಿದ. ಆಮೇಲೆ ಪೀಸ್ ರೇಟಿನ ಚೌಕಾಸಿ ಶುರುವಾಯಿತು. ಅದಿನ್ನೂ ಮುಗಿದಿಲ್ಲ.