ಪದ ಪರಿಚಯ: ಆಹಾರ ಮಾರ್ಗಸೂಚಿ ಪಾಲನೆ

ಯಾವ ಬಗೆಯ ಆಹಾರವನ್ನು ಎಷ್ಟು ಪ್ರಮಾಣದಲ್ಲಿ ತಿನ್ನುವುದು ಒಳ್ಳೆಯದು ಎಂದು ಒಂದು ದೇಶ ತನ್ನ ಜನರಿಗೆ ಅಧಿಕೃತವಾಗಿ ನೀಡುವ ಸಲಹೆಗಳೇ ರಾಷ್ಟ್ರೀಯ ಆಹಾರ ಮಾರ್ಗಸೂಚಿ. ವಯಸ್ಕರು ದಿನನಿತ್ಯ ತಿನ್ನುವುದು ಆ ಸಲಹೆಗೆ ಎಷ್ಟು ಹತ್ತಿರವಿದೆ ಎಂಬುದು ಅದರ ಪಾಲನೆ. ಪಥ್ಯ ಎಂಬ ಮಾತು ರೂಢಿಯಾಗಿರುವ ನಾವು ಇಲ್ಲಿ ಎಡವುವುದುಂಟು. ಪಥ್ಯದಲ್ಲಿರುವವರು ಒಂದು ತುತ್ತು ತಪ್ಪಿದರೂ ಪಥ್ಯ ಮುರಿಯಿತು ಎನ್ನುತ್ತೇವೆ. ಪೌಷ್ಟಿಕತೆಯ ಅಧ್ಯಯನದಲ್ಲಿ ಪಾಲನೆ ಹಾಗೆ ಮುರಿಯುವುದಿಲ್ಲ, ಅದನ್ನು ಅಂಕಗಳಲ್ಲಿ ಅಳೆಯುತ್ತಾರೆ.

ಇಂಥ ಅಳತೆಗೋಲುಗಳಲ್ಲಿ ಹೆಸರಾದದ್ದು ಅಮೆರಿಕದ ಕೃಷಿ ಇಲಾಖೆ 1995ರಲ್ಲಿ ಹೊರತಂದ ಹೆಲ್ದಿ ಈಟಿಂಗ್ ಇಂಡೆಕ್ಸ್. ಆ ದೇಶದ ಮಾರ್ಗಸೂಚಿ ಮೊದಲು ಪ್ರಕಟವಾದದ್ದು 1980ರಲ್ಲಿ. ಐದು ವರ್ಷಕ್ಕೊಮ್ಮೆ ಅದು ಪರಿಷ್ಕರಣೆಯಾಗುವುದರಿಂದ ಸೂಚ್ಯಂಕವನ್ನೂ ಆಗಾಗ ತಿದ್ದಬೇಕಾಗುತ್ತದೆ. 2020ರ ಆವೃತ್ತಿಯಲ್ಲಿ 13 ಅಂಶಗಳಿದ್ದು, ಒಟ್ಟು ಅಂಕ 100. ಹಣ್ಣು, ತರಕಾರಿ, ಇಡಿಧಾನ್ಯ, ಹಾಲಿನ ಪದಾರ್ಥಗಳಂತಹ ಒಂಬತ್ತು ಅಂಶಗಳಲ್ಲಿ ಸಾಕಷ್ಟು ತಿಂದರೆ ಅಂಕ ಏರುತ್ತದೆ. ಸಂಸ್ಕರಿಸಿದ ಧಾನ್ಯ, ಸೋಡಿಯಂ (ಮುಖ್ಯವಾಗಿ ಉಪ್ಪಿನಿಂದ ಬರುವುದು), ಸೇರಿಸಿದ ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತುಪ್ಪದಲ್ಲಿ ಹೆಚ್ಚಾಗಿರುವ ಬಗೆ) ಎಂಬ ನಾಲ್ಕರಲ್ಲಿ ಕಡಿಮೆ ತಿಂದಷ್ಟೂ ಏರುತ್ತದೆ.

ಸೋಡಿಯಂ ಒಂದನ್ನೇ ತೆಗೆದುಕೊಂಡು ನೋಡೋಣ. ಪ್ರತಿ 1,000 ಕ್ಯಾಲೊರಿಗೆ 1.1 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೂರ್ತಿ 10 ಅಂಕ, 2 ಗ್ರಾಂ ಮುಟ್ಟಿದರೆ ಸೊನ್ನೆ, ನಡುವೆ ಇದ್ದರೆ ಅದಕ್ಕೆ ತಕ್ಕಷ್ಟು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರ ಆಹಾರದಲ್ಲಿ 3.1 ಗ್ರಾಂ ಸೋಡಿಯಂ ಇದ್ದರೆ ಅವರಿಗೆ ಸಿಗುವುದು ಸರಿಯಾಗಿ 5. ಹೆಚ್ಚಿನ ಅಂಶಗಳ ಲೆಕ್ಕ ಹೀಗೆ ಕ್ಯಾಲೊರಿಯ ಅನುಪಾತದಲ್ಲೇ ನಡೆಯುತ್ತದೆ. ಹಾಗಾಗಿ ಒಂದೇ ಬಗೆಯ ಊಟವನ್ನು ಒಬ್ಬರು 1,500 ಕ್ಯಾಲೊರಿಯಷ್ಟು, ಇನ್ನೊಬ್ಬರು 3,000 ಕ್ಯಾಲೊರಿಯಷ್ಟು ಉಂಡರೂ ಇಬ್ಬರಿಗೂ ಅಷ್ಟೇ ಅಂಕ. ಅತಿಯಾಗಿ ತಿನ್ನುವುದನ್ನು ಈ ಅಳತೆ ಹಿಡಿಯುವುದಿಲ್ಲ. ಅದರ ಕಣ್ಣು ಇರುವುದು ಗುಣದ ಮೇಲೆ. ಅಂಕ ಚೆನ್ನಾಗಿದೆ ಎಂದ ಮಾತ್ರಕ್ಕೆ ತೂಕವೂ ಹತೋಟಿಯಲ್ಲಿದೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಹಣ್ಣಿನ ವಿಷಯದಲ್ಲಿ ಸೂಚ್ಯಂಕ ಇನ್ನಷ್ಟು ಜಾಣತನ ತೋರಿದೆ ಎಂದು ನನಗನ್ನಿಸುತ್ತದೆ. ಅಲ್ಲಿ 'ಒಟ್ಟು ಹಣ್ಣು' ಮತ್ತು 'ಇಡೀ ಹಣ್ಣು' ಎಂಬ ಎರಡು ಅಂಶಗಳಿವೆ, ಒಂದೊಂದಕ್ಕೆ 5 ಅಂಕ. ಕಿತ್ತಳೆಯನ್ನು ಸುಲಿದು ತಿಂದರೆ ಎರಡರಲ್ಲೂ ಲೆಕ್ಕಕ್ಕೆ ಬರುತ್ತದೆ. ಅದರ ರಸ ಕುಡಿದರೆ ಮೊದಲನೆಯದರಲ್ಲಿ ಮಾತ್ರ.

2017–18ರ ಸಮೀಕ್ಷೆಯಂತೆ ಎರಡು ವರ್ಷ ಮೇಲ್ಪಟ್ಟ ಅಮೆರಿಕನ್ನರ ಸರಾಸರಿ 58. ಇದನ್ನು ನೂರಕ್ಕೆ 58 ಮಂದಿ ಮಾರ್ಗಸೂಚಿ ಪಾಲಿಸುತ್ತಾರೆ ಎಂದು ಓದುವುದು ತಪ್ಪು. ಒಟ್ಟು ಮೊತ್ತವೂ ಬಹಳಷ್ಟನ್ನು ಮುಚ್ಚಿಡುತ್ತದೆ: ತರಕಾರಿ ಮುಟ್ಟದೆ ಉಪ್ಪು-ಸಕ್ಕರೆಯಲ್ಲಿ ಬಿಗಿಯಾಗಿರುವವರಿಗೂ, ಎಲ್ಲವನ್ನೂ ಧಾರಾಳವಾಗಿ ತಿನ್ನುವವರಿಗೂ ಒಂದೇ ಅಂಕ ಬರಬಹುದು. ಆದ್ದರಿಂದ ಸಂಶೋಧಕರು ಒಂದೊಂದು ಅಂಶದ ಅಂಕವನ್ನೂ ಬಿಡಿಸಿ ನೋಡುತ್ತಾರೆ.

ಈ ಲೆಕ್ಕಕ್ಕೆಲ್ಲ ಮೂಲ, ಹಿಂದಿನ 24 ಗಂಟೆಗಳಲ್ಲಿ ಏನೇನು ತಿಂದಿರಿ ಎಂಬ ಪ್ರಶ್ನೆಗೆ ಜನ ನೆನಪಿನಿಂದ ಕೊಡುವ ಉತ್ತರ. ನೆನಪು ಕೈಕೊಡುತ್ತದೆ, ಕೆಲವರು ತಿಂದದ್ದಕ್ಕಿಂತ ಕಡಿಮೆ ಹೇಳುತ್ತಾರೆ, ಅಲ್ಲದೆ ಒಂದು ದಿನದ ಊಟ ಇನ್ನೊಂದು ದಿನದಂತಿರುವುದಿಲ್ಲ. ಸಾವಿರಾರು ಜನರ ಸರಾಸರಿಗೆ ಆಧಾರವಾಗಬಲ್ಲ ಒಂದು ದಿನದ ವಿವರ, ಒಬ್ಬ ವ್ಯಕ್ತಿಯ ಅಭ್ಯಾಸವನ್ನು ತೀರ್ಮಾನಿಸಲು ಸಾಲದು.